ಹಲ್ಲಿನ ಗೋಡೆ, ಭಾವನ ಮೆಮೊರಿ

ಕಂಪ್ಯೂಟರ್ ಅಂಗಡಿಯ ಗಾಜಿನ ಮೇಲೆ ಅಂಟಿಸಿದ್ದ ಬೆಲೆಯೇ ಬೇರೆ, ಕೌಂಟರಿನ ಹಿಂದೆ ನಿಂತವನು ಹೇಳಿದ ಬೆಲೆಯೇ ಬೇರೆ. ಗಾಜಿನ ಮೇಲಿನ ಅಂಕಿಗಳು ಅಂಗೈಯಷ್ಟು ದಪ್ಪಗಿದ್ದವು, ಕೆಂಪು ಬಣ್ಣ, ಹಳದಿ ಅಂಚು. ಕೊನೆಯ ಸೊನ್ನೆಯ ಪಕ್ಕದಲ್ಲಿ ಸೊಳ್ಳೆ ಕೂತ ಹಾಗೆ ಒಂದು ಸಣ್ಣ ನಕ್ಷತ್ರ. ಇಂಥ ಪೋಸ್ಟರು ಮಾಡುವುದೇ ನನ್ನ ಕಸುಬು. ಗಿರಾಕಿ ಕೇಳಿದರೆ ನಾನೂ ನಕ್ಷತ್ರ ಹಾಕಿಕೊಟ್ಟಿದ್ದೇನೆ, ಹಾಗಾಗಿ ನಿಜ ಎಲ್ಲಿ ಅಡಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಬಗ್ಗಿ ಪೋಸ್ಟರಿನ ತಳ ನೋಡಿದೆ. ಈ ಬೆಲೆ ಕನಿಷ್ಠ ಮೆಮೊರಿಯ ಮಾದರಿಗೆ ಮಾತ್ರ ಎಂದು ಇರುವೆಯ ಕಾಲಿನಂಥ ಅಕ್ಷರದಲ್ಲಿತ್ತು.

ಕೌಂಟರಿನವನು ಟೈ ಬಿಗಿದುಕೊಂಡಿದ್ದ. ಸಭ್ಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಅವನಿಗೆ ಟೈ ಕಟ್ಟಿಸಿ ಅಲ್ಲಿ ನಿಲ್ಲಿಸಿದವರ ಮೇಲೆ.

"ಏನು ಕೆಲಸಕ್ಕೆ ಬೇಕು ಮೇಡಂ?" ಎಂದ.

"ಬೋರ್ಡು, ಬ್ಯಾನರು, ಸ್ಟಿಕ್ಕರು."

"ಹಾಗಾದ್ರೆ ಇದು ಸಾಲಲ್ಲ. ನಾಲ್ಕು ಪಟ್ಟು ಮೆಮೊರಿ ಇರೋದು ತಗೋಬೇಕು." ಅದರ ಬೆಲೆಯನ್ನೂ ಹೇಳಿದ. ಕಂಪ್ಯೂಟರಿನ ಜೊತೆ ಇನ್ನೂ ಅರ್ಧ ಕಂಪ್ಯೂಟರು ಕೊಂಡಷ್ಟಾಗುತ್ತಿತ್ತು.

"ಈಗ ಚಿಕ್ಕದೇ ಒಯ್ತೀನಿ. ಕೈಯಲ್ಲಿ ದುಡ್ಡು ಆಡಿದಾಗ ಬಂದು ಮೆಮೊರಿ ಹಾಕಿಸ್ಕೋತೀನಿ."

"ಆಗಲ್ಲ ಮೇಡಂ. ಒಳಗಡೆ ಬೆಸುಗೆ ಹಾಕಿಬಿಟ್ಟಿರ್ತಾರೆ. ಕೊಳ್ಳೋವಾಗಲೇ ತೀರ್ಮಾನ ಮಾಡ್ಬೇಕು."

"ಅಂದ್ರೆ ಇವತ್ತು ಕೊಟ್ರೆ ಉಂಟು, ಇಲ್ದಿದ್ರೆ ಅದು ಸಾಯೋವರೆಗೂ ಇಲ್ಲ."

"ಹಾಗೇ ಅಂದ್ಕೊಳ್ಳಿ."

ಆ ಮೆಮೊರಿ ಎಂಬುದು ನೋಡಲು ಎಷ್ಟಿರುತ್ತದೆ ಎಂದು ಕೇಳಿದೆ. ಅವನು ಹೆಬ್ಬೆರಳಿನ ಉಗುರು ತೋರಿಸಿದ. ಬಿಡಿಯಾಗಿ ಮಾರುವ ಕಡೆ ಅದಕ್ಕೆ ಎಷ್ಟು ಎಂದೆ. ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ನಾವು ಹೇಳಿದ್ರಲ್ಲಿ ಕಾಲು ಭಾಗ ಇರ್ಬಹುದು. ಆದ್ರೆ ಅದು ಇದರೊಳಗೆ ಕೂರಲ್ಲ."

"ಅಲ್ಲಪ್ಪ, ಸೊಪ್ಪಿನವಳು ಎರಡು ಕಟ್ಟು ತಗೊಂಡ್ರೆ ನಾಲ್ಕು ಎಳೆ ಕೊತ್ತಂಬರಿ ಕೊಸರು ಹಾಕ್ತಾಳೆ. ನೀವು ಉಗುರಿನಷ್ಟು ತಗಡಿಗೆ ನನ್ನ ಕತ್ತು ಕುಯ್ತೀರಲ್ಲ, ಕೊನೇಪಕ್ಷ ನಾಚಿಕೆಯಾದ್ರೂ ಆಗ್ಬೇಡ್ವ?"

"ಬೆಲೆ ಹಾಕೋದು ಕಂಪೆನಿಯವರು ಮೇಡಂ," ಎಂದ ಅವನು. "ನಮ್ಮನೇಲೂ ಚಿಕ್ಕದೇ ಇರೋದು."

ನಾಳೆ ಬರುತ್ತೇನೆ ಎಂದು ಹೊರಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಆ ಉಗುರಿನಷ್ಟು ತಗಡನ್ನು ನನಗೆ ಪುಕ್ಕಟೆ ಕೊಡಿಸಲು ಒಬ್ಬರು ತುದಿಗಾಲಲ್ಲಿ ನಿಂತಿದ್ದರು. ಅದಕ್ಕೆ ಅವರು ಕೇಳಿದ್ದು ನನ್ನ ಅಂಗಡಿ.

ನಮ್ಮದು ಓಣಿಯ ಕೊನೆಯಲ್ಲಿ ಒಂದೇ ಶಟರಿನ ಅಂಗಡಿ. ಅಪ್ಪ ಅದನ್ನು ಶುರು ಮಾಡಿದ್ದು ಮೂರು ಬ್ರಷ್ಷು, ಒಂದು ಏಣಿ ಇಟ್ಟುಕೊಂಡು. ಊರಿಗೆಲ್ಲ ಅಪ್ಪ ಬೋರ್ಡಪ್ಪ. ಯಾರ ಬೋರ್ಡೇ ಇರಲಿ, ಕೆಳಗಿನ ಮೂಲೆಯಲ್ಲಿ ಬಾಲ ಬಾಗಿದ ಅಕ್ಷರದಲ್ಲಿ ಬೋರ್ಡಪ್ಪ ಎಂದು ಬರೆಯುವುದು ಅವನ ಪದ್ಧತಿ. ಕೈ ನಡುಗಲು ಶುರುವಾದ ಮೇಲೆ ಬ್ರಷ್ಷು ಬಿಟ್ಟ. ಅಂದಿನಿಂದ ಅಂಗಡಿ ನನ್ನದು, ಬಾಗಿಲ ಬಳಿಯ ಸ್ಟೂಲು ಅವನದು. ನಾನು ಕಂಪ್ಯೂಟರಿನಲ್ಲಿ ಮಾಡಿದ ಬೋರ್ಡುಗಳ ಮೂಲೆಯಲ್ಲೂ ಅವನ ಅದೇ ಸಹಿಯ ಚಿತ್ರ ತೆಗೆದು ಕೂರಿಸುತ್ತೇನೆ. ಜನ ನನ್ನನ್ನು ಬೋರ್ಡಪ್ಪನ ಮಗಳು ಅನ್ನುತ್ತಾರೆ. ತಲೆಯಲ್ಲಿ ಬಿಳಿಕೂದಲು ಬಂದರೂ ಬೋರ್ಡಪ್ಪನ ಮಗಳೇ. ನನಗೇನೂ ಬೇಸರವಿರಲಿಲ್ಲ, ಅಥವಾ ಇದ್ದರೂ ಹೇಳಿಕೊಳ್ಳುವಷ್ಟು ಇರಲಿಲ್ಲ.

ಈ ಸಲ ಬಂದದ್ದು ಹಲ್ಲಿನ ಡಾಕ್ಟರ ಕೆಲಸ. ಬಸ್ ನಿಲ್ದಾಣದ ಎದುರು ಹೊಸ ಕ್ಲಿನಿಕ್ಕು ಕಟ್ಟಿಸಿದ್ದರು. ಅದರ ಒಂದು ಪಕ್ಕದ ಗೋಡೆ, ತಳದಿಂದ ತಾರಸಿವರೆಗೆ, ಒಂದು ಕಿಟಕಿಯೂ ಇಲ್ಲದೆ ಬೋಳಾಗಿ ನಿಂತಿತ್ತು. ಆ ಗೋಡೆ ಪೂರ್ತಿ ತಮ್ಮ ತಾಯಿಯ ನಗುಮುಖ ಬರಬೇಕು ಎಂದು ಡಾಕ್ಟರ ಆಸೆ. ಅವರು ಮೊದಲ ಸಲ ಕಟ್ಟಿದ ಹಲ್ಲಿನ ಸೆಟ್ಟು ಆ ಅಮ್ಮನದೇ ಅಂತೆ. ಹೊಸ ಹಲ್ಲು ಹಾಕಿಸಿಕೊಂಡ ದಿನ ತೆಗೆದ ಫೋಟೋ ಕೊಟ್ಟಿದ್ದರು. ಬಾಯಿ ತುಂಬ ನಗು, ನೋಡಿದವರಿಗೂ ನಗು ಬರಬೇಕು, ಹಾಗಿತ್ತು.

"ಹಲ್ಲು ಮಾತ್ರ ಮಸುಕಾಗ್ಬಾರದು," ಎಂದಿದ್ದರು ಡಾಕ್ಟರು. "ಬಸ್ಸಿಗೆ ಕಾಯೋರೆಲ್ಲ ನೋಡ್ತಾ ನಿಂತಿರ್ತಾರೆ. ಹಲ್ಲೇ ಮಸುಕಾದ್ರೆ ನನ್ನ ಹತ್ರ ಯಾರ್ ಬರ್ತಾರೆ?"

ಸೋಮವಾರ ಕ್ಲಿನಿಕ್ಕಿನ ಬಾಗಿಲು ತೆರೆಯುವುದೆಂದು ನಿಶ್ಚಯವಾಗಿತ್ತು. ನನ್ನ ಹಳೆಯ ಕಂಪ್ಯೂಟರು ಆ ಅಮ್ಮನ ನಗುವನ್ನು ತಡೆದುಕೊಳ್ಳಲಿಲ್ಲ. ಕಣ್ಣು ಮೂಗಿನವರೆಗೆ ಹೇಗೋ ಬಂತು. ಬಾಯಿಗೆ ಬರುವ ಹೊತ್ತಿಗೆ ಫ್ಯಾನು ಕುಯ್ಯೋ ಮರ್ರೋ ಎಂದು ಅಳಲು ಶುರು, ಪರದೆ ಗರ ಬಡಿದಂತೆ ನಿಂತುಬಿಡುತ್ತಿತ್ತು, ಆಮೇಲೆ ಕಪ್ಪು. ಬೆಳಗಿನಿಂದ ಮಾಡಿದ್ದೆಲ್ಲ ಮಣ್ಣುಪಾಲು. ನನ್ನ ಕೆಲಸದ ರೀತಿಯೂ ಹಾಗೇ ಇದೆ. ಬೋರ್ಡು ಎಷ್ಟು ದೊಡ್ಡದೋ ಕಂಪ್ಯೂಟರಿನಲ್ಲೂ ಅಷ್ಟೇ ದೊಡ್ಡದು ಮಾಡುತ್ತೇನೆ, ಒಂದಿಂಚೂ ಕಮ್ಮಿ ಇಲ್ಲ. ಹಚ್ಚಿದ ಒಂದೊಂದು ಬಣ್ಣವನ್ನೂ ಒಂದೊಂದು ಪದರವಾಗಿ ಹಾಗೇ ಇಟ್ಟುಕೊಳ್ಳುತ್ತೇನೆ, ಕೊನೆಯವರೆಗೂ ಬೆರೆಸುವುದಿಲ್ಲ. ಯಾಕೆಂದರೆ ಗಿರಾಕಿ ಎಂಬ ಪ್ರಾಣಿ ಮರುದಿನ ಬಂದು, ಮೊದಲಿನದೇ ಚೆನ್ನಾಗಿತ್ತಲ್ವ ಅನ್ನುತ್ತದೆ. ಇಷ್ಟೆಲ್ಲ ಒಟ್ಟಿಗೆ ಹೊರಲು ಮೆಮೊರಿ ಬೇಕು. ನನ್ನ ಹಳೆಯ ಡಬ್ಬಿಯಲ್ಲಿ ಅದಿಲ್ಲ.

ಭಾವನಿಗೆ ಈ ಸುದ್ದಿ ಮುಟ್ಟಿಸಿದ್ದು ಅಕ್ಕ. ಭಾವನದು ದೊಡ್ಡ ಪ್ರೆಸ್ಸು, ಗೋಡೆಯಗಲದ ಬ್ಯಾನರನ್ನು ಒಂದೇ ಸಲಕ್ಕೆ ಉಗುಳುವ ಮೆಷಿನ್ನು, ತಣ್ಣನೆ ಏಸಿ. ದೊಡ್ಡ ಬ್ಯಾನರಿದ್ದಾಗ ನಾನು ಅಲ್ಲೇ ಮುದ್ರಿಸುತ್ತಿದ್ದೆ. ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಹಿಂದಿನ ದಿನ ಸಂಜೆ ಅಂಗಡಿಗೆ ಬಂದು, ಅಪ್ಪನ ಎದುರಿಗೇ ಕೂತು, ಮೆತ್ತಗೆ ಮಾತು ತೆಗೆದಿದ್ದರು.

"ನೋಡಮ್ಮ, ಕಂಪ್ಯೂಟರು ನೀನು ಕೊಂಡ್ಕೋ. ಮೆಮೊರಿ ದುಡ್ಡು ನಾನು ಹಾಕ್ತೀನಿ. ತಂದು ನಮ್ಮ ಪ್ರೆಸ್ಸಲ್ಲೇ ಇಟ್ಕೊಂಡು ಕೂತ್ಕೋ. ತಿಂಗಳು ತಿಂಗಳು ಸಂಬಳ. ಈ ಓಣಿ ಅಂಗಡಿ ಬಾಡಿಗೆಗೆ ಕೊಟ್ರಾಯ್ತು."

"ಅಪ್ಪ ಎಲ್ಲಿ ಕೂರ್ತಾನೆ?"

"ಮಾವ ಮನೇಲಿ ಆರಾಮಾಗಿರ್ಲಿ. ಇನ್ನೂ ಎಷ್ಟು ದಿನ ಸ್ಟೂಲ್ ಮೇಲೆ? ಮತ್ತೆ ಈ ಡಾಕ್ಟರ ಗೋಡೆ ಮೂಲೇಲಿ ನಮ್ಮ ಪ್ರೆಸ್ ಹೆಸರು ಬರ್ಲಿ. ಬಸ್ ನಿಲ್ದಾಣ ನೋಡು, ಒಳ್ಳೇ ಜಾಗ."

ಅಪ್ಪ ಉಗುರಿನ ಸಂದಿಯಲ್ಲಿ ಎಂದೋ ಉಳಿದ ಬಣ್ಣವನ್ನು ಕೆರೆಯುತ್ತ ಕೂತ. ಮೂಗುದಾರಕ್ಕೆ ಎಷ್ಟೇ ಬೆಣ್ಣೆ ಹಚ್ಚಿದರೂ ಅದು ಮೂಗುದಾರವೇ ಎಂದು ನನಗೂ ಗೊತ್ತಿತ್ತು. ಆದರೆ ಕೆಲಸ ಮುಗಿಯದಿದ್ದರೆ ಡಾಕ್ಟರು ಸೀದಾ ಭಾವನ ಪ್ರೆಸ್ಸಿಗೇ ಹೋಗುತ್ತಾರೆ, ಅವರ ಹಿಂದೆ ಉಳಿದ ಗಿರಾಕಿಗಳೂ ಹೋಗುತ್ತಾರೆ. ನಾಳೆ ಸಂಜೆ ಹೇಳುತ್ತೇನೆ ಎಂದು ಭಾವನನ್ನು ಕಳಿಸಿದ್ದೆ.

ಹಾಗೆ ಕಂಪ್ಯೂಟರ್ ಅಂಗಡಿಯಿಂದ ಬರಿಗೈಯಲ್ಲಿ ಬಂದವಳು ಹಳೆಯದನ್ನೇ ಇನ್ನೊಮ್ಮೆ ಹಚ್ಚಿದೆ. ಹಲ್ಲು ಕಚ್ಚಿಕೊಂಡು ತುಟಿ ಮುಗಿಸಿದೆ. ಮೇಲಿನ ಸಾಲಿನ ಹಲ್ಲು ಅರ್ಧ ಬಂತು, ಕಪ್ಪಾಯಿತು. ನಾನು ಮೇಜಿನ ಮೇಲೆ ಕೈ ಬಡಿದೆ. ಕೈ ನೋವಾಯಿತು, ಕಂಪ್ಯೂಟರಿಗೆ ಏನೂ ಆಗಲಿಲ್ಲ. ಫೋನು ತೆಗೆದು ಭಾವನ ಹೆಸರು ಹುಡುಕಿದೆ.

"ಗೋಡೆ ಅಳತೆ ನೋಡಿದ್ಯಾ?" ಸ್ಟೂಲಿನಿಂದ ಅಪ್ಪ ಕೇಳಿದ.

"ಡಾಕ್ಟರೇ ಹೇಳಿದಾರಲ್ಲ."

"ಡಾಕ್ಟ್ರು ಹೇಳಿದ್ದು ಹಲ್ಲಿನ ಅಳತೆ. ಗೋಡೆ ಅಳತೆ ಗೋಡೇನೇ ಹೇಳ್ಬೇಕು. ನಡಿ, ನೋಡ್ಕೊಂಡು ಬರೋಣ. ಆಮೇಲೆ ಯಾರಿಗೆ ಬೇಕಾದ್ರೂ ಫೋನ್ ಮಾಡು."

ಮುದುಕನಿಗೆ ಕಣ್ಣು ಮಂಜಾದರೂ ಫೋನಿನಲ್ಲಿ ನಾನು ಯಾರ ಹೆಸರು ಹುಡುಕುತ್ತೇನೆ ಎಂದು ಕಾಣುತ್ತದೆ. ಸಿಟ್ಟಿನಲ್ಲೇ ಎದ್ದೆ.

ಕ್ಲಿನಿಕ್ಕಿನ ಗೋಡೆಯ ಮುಂದೆ ಬಣ್ಣದವರು ಬಿಟ್ಟುಹೋದ ಅಟ್ಟಣಿಗೆ ಇನ್ನೂ ನಿಂತಿತ್ತು. ಅಪ್ಪ ಚೀಲದಿಂದ ತನ್ನ ಹಳೆಯ ದಾರದ ಉಂಡೆ ತೆಗೆದ. ನೀಲಿ ಪುಡಿಯಲ್ಲಿ ಹೊರಳಿಸಿದ ದಾರ. ಒಂದು ತುದಿ ನನ್ನ ಕೈಗಿಟ್ಟು, ಇನ್ನೊಂದು ತಾನು ಹಿಡಿದು, ಮಧ್ಯದಲ್ಲಿ ಎಳೆದು ಬಿಟ್ಟ. ಟಪ್ ಎಂದು ಗೋಡೆಯ ಮೇಲೆ ನೇರವಾದ ನೀಲಿ ಗೆರೆ ಬಿತ್ತು. ಅವನ ಕೈ ಎಷ್ಟು ನಡುಗಿದರೂ ಎಳೆದ ದಾರ ನಡುಗುವುದಿಲ್ಲ. ಇನ್ನೊಂದು ಗೆರೆ, ಮತ್ತೊಂದು. ಆಮೇಲೆ ಅಡ್ಡ.

"ಅಪ್ಪ, ಬರೀ ಅಳತೆ ಸಾಕು. ಚೌಕ ಯಾಕೆ?"

"ಕೈಗೆ ಅಭ್ಯಾಸ ಕಣೇ." ಅವನು ಬಗ್ಗಿದಲ್ಲಿಂದಲೇ ಹೇಳಿದ. "ಇಷ್ಟು ದೊಡ್ಡ ಮುಖಾನ ಒಟ್ಟಿಗೆ ತಲೇಲಿ ಇಟ್ಕೊಂಡು ಬರಿಯೋಕೆ ನಾನೇನು ರಾಕ್ಷಸನಾ? ಮೂಗಿನ ಚೌಕ ಬರೆಯೋವಾಗ ನಂಗೆ ಕಿವಿ ಇದೆ ಅನ್ನೋದೇ ಮರ್ತುಹೋಗ್ತಿತ್ತು."

ನಾನು ದಾರದ ತುದಿ ಹಿಡಿದು ಹಾಗೇ ನಿಂತೆ. ಚಿಕ್ಕವಳಿದ್ದಾಗಿನಿಂದ ಹಿಡಿದ ದಾರ ಅದು. ಫೋಟೋದ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕಿ, ಗೋಡೆಯ ಮೇಲೆ ದೊಡ್ಡ ಚೌಕ ಹೊಡೆದು, ಒಂದೊಂದನ್ನೇ ತುಂಬುವುದನ್ನು ನಾನು ಎಷ್ಟು ಸಲ ನೋಡಿಲ್ಲ. ಕಂಪ್ಯೂಟರು ಬಂದ ಮೇಲೆ ಅದು ನನ್ನ ತಲೆಯಿಂದ ಹಾರಿಹೋಗಿತ್ತು. ಇಡೀ ಮುಖವನ್ನು ಆ ಬಡಪಾಯಿ ಡಬ್ಬಿಯ ತಲೆಯ ಮೇಲೆ ಹೇರಿ, ಅದು ಕುಸಿದು ಬಿದ್ದಾಗ ಅದನ್ನೇ ಬೈದಿದ್ದೆ. ನನ್ನ ಮೇಲೆ ನನಗೇ ರೇಗಿತು. ಅದರ ಹಿಂದೆಯೇ ಎಂಥದೋ ಪುಂಡ ಸಂತೋಷ ಉಕ್ಕಿತು. ಚೌಕವಾದರೆ ನನ್ನ ಹಳೆಯದೇ ಸಾಕು. ಚೌಕವಾದರೆ ಭಾವನ ಮೆಷಿನ್ನೂ ಬೇಡ, ಅಂಗಡಿಯಲ್ಲಿ ಸ್ಕೂಟರಿನ ನಂಬರು ಮುದ್ರಿಸುತ್ತಿದ್ದ ನನ್ನ ಸಣ್ಣ ಸ್ಟಿಕ್ಕರ್ ಮೆಷಿನ್ನೇ ಸಾಕು.

"ಏನೇ, ದಾರ ಸಡಿಲ ಬಿಟ್ಟೆ," ಎಂದ ಅಪ್ಪ.

"ಬಿಗಿಯಾಗೇ ಹಿಡಿದಿದೀನಿ. ನೀನು ಹೊಡಿ. ಪೂರ್ತಿ ಗೋಡೆಗೆ ಹೊಡಿ."

ಸಂಜೆ ಭಾವನಿಗೆ ಫೋನು ಮಾಡಿದೆ. "ಭಾವ, ಮೆಮೊರಿ ಬೇಡ," ಎಂದೆ. ಯಾಕೆ, ಏನು, ಅಕ್ಕನ ಹತ್ತಿರ ಮಾತಾಡು ಎಂದರು. ಅಕ್ಕ ಫೋನು ತೆಗೆದುಕೊಂಡು, ನಿನಗೆ ಒಳ್ಳೇದು ಮಾಡಕ್ಕೆ ಹೋದ್ರೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಲ್ಲ ಎಂದು ಅತ್ತಳು. ಅಕ್ಕ ಅತ್ತರೆ ನನಗೂ ಅಳು ಬರುತ್ತದೆ, ಅದು ಚಿಕ್ಕಂದಿನ ರೋಗ. ಆದರೂ ಸೊಪ್ಪು ಹಾಕಲಿಲ್ಲ.

ಮಾರನೇ ಬೆಳಗಿನಿಂದ ಆ ಅಮ್ಮನ ಮುಖವನ್ನು ತುಂಡು ತುಂಡು ಮಾಡಿದೆ. ಒಂದು ಸಲಕ್ಕೆ ಒಂದು ಚೌಕ, ಅದರ ಪದರಗಳು ಅದಕ್ಕೇ. ಪಕ್ಕದ ಚೌಕದ ಮೇಲೆ ಬೆರಳಗಲ ಹತ್ತುವ ಹಾಗೆ ಅಂಚು ಬಿಟ್ಟುಕೊಂಡೆ. ಹಳೆಯ ಕಂಪ್ಯೂಟರಿಗೆ ತಾನೇ ಮಾಡುತ್ತಿರುವ ಕೆಲಸ ಎಂದು ನಂಬಿಕೆಯೇ ಬರಲಿಲ್ಲವೇನೋ, ಫ್ಯಾನು ಒಮ್ಮೆಯೂ ಅಳಲಿಲ್ಲ. ಸ್ಟಿಕ್ಕರ್ ಮೆಷಿನ್ನು ಟಕಟಕ ಎನ್ನುತ್ತ ಒಂದರ ಹಿಂದೆ ಒಂದು ಹೊರಗೆ ಹಾಕಿತು. ಅರ್ಧ ಕಣ್ಣು. ಕೆನ್ನೆಯ ಸುಕ್ಕು. ಬರೀ ಚರ್ಮ, ಅದು ಗಲ್ಲವೋ ಹಣೆಯೋ ಯಾರಿಗೂ ತಿಳಿಯದು. ಅಪ್ಪ ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ ಜೋಡಿಸಿಟ್ಟ. ಕೆಳಗಿನ ಬಲ ಮೂಲೆಯ ಚೌಕ ಬಂದಾಗ, ಎಂದಿನಂತೆ ಅವನ ಸಹಿಯ ಚಿತ್ರ ಕೂರಿಸಲು ಹೋದೆ.

"ಅದನ್ನ ಖಾಲಿ ಬಿಡು," ಎಂದ.

"ಯಾಕೆ?"

"ಬಿಡು ಅಂದೆ, ಬಿಡು."

ಅವನ ಹಟ ನನಗೆ ಬಂದಿದೆ, ಹಾಗಾಗಿ ವಾದ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತು. ಬಿಳಿಯಾಗಿಯೇ ಬಿಟ್ಟೆ.

ಭಾನುವಾರ ಅಂಟಿಸಿದೆವು. ಕೂಲಿಗೆ ಇಬ್ಬರನ್ನು ಕರೆದಿದ್ದೆ, ನಾನೂ ದುಪಟ್ಟಾ ಸೊಂಟಕ್ಕೆ ಬಿಗಿದು ಅಟ್ಟಣಿಗೆ ಹತ್ತಿದೆ. ಅಪ್ಪ ಕೆಳಗೆ ಸ್ಟೂಲು ಹಾಕಿಕೊಂಡು, ಗುರುತು ಓದಿ ಒಂದೊಂದೇ ಮೇಲೆ ಕೊಟ್ಟ. ನೀಲಿ ಗೆರೆಗೆ ಅಂಚು ಕೂರಿಸಿ, ಒದ್ದೆ ಬಟ್ಟೆಯಲ್ಲಿ ಒತ್ತಿ, ಗಾಳಿ ಗುಳ್ಳೆ ತೆಗೆಯಬೇಕು. ಬಸ್ಸಿಗೆ ಕಾಯುತ್ತಿದ್ದವರು ಮೊದಮೊದಲು ಅದೇನು, ಭೂಪಟವೇ ಎಂದು ಕೇಳಿದರು. ಮೂಗು ಬಂದ ಮೇಲೆ ಒಬ್ಬಾಕೆ ತನ್ನ ಬಸ್ಸು ಬಿಟ್ಟು ನಿಂತಳು. ಮಧ್ಯಾಹ್ನದ ಹೊತ್ತಿಗೆ ಆ ಅಮ್ಮ ಗೋಡೆ ತುಂಬ ನಗುತ್ತಿದ್ದಳು.

ಡಾಕ್ಟರು ರಸ್ತೆಯಾಚೆ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಪಕ್ಕದಲ್ಲೇ ಭಾವನ ಕಾರು ಬಂದು ನಿಂತಿತು. ಭಾವ ಇಳಿದು, ಡಾಕ್ಟರಿಗೆ ನಮಸ್ಕಾರ ಹೇಳಿ, ತಾವೂ ನೋಡಿದರು.

"ಮೇಲಿನ ಸಾಲು, ಎಡಗಡೆ ಕೋರೆಹಲ್ಲು," ಎಂದರು ಡಾಕ್ಟರು. "ಅದೊಂದು ಸ್ವಲ್ಪ ಹಳದಿ ಇದ್ಯಲ್ಲ?"

ನಿಜ. ಆ ಚೌಕ ಮುದ್ರಿಸುವಾಗ ಶಾಯಿ ಮುಗಿದು ಹೊಸ ಡಬ್ಬಿ ಹಾಕಿದ್ದೆ, ಒಂದು ಛಾಯೆ ಆಚೀಚೆಯಾಗಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಹಲ್ಲಿನವರ ಕಣ್ಣಿಗೆ ಬೀಳದೆ ಇರುತ್ತದೆಯೇ.

"ಇದೇ ನೋಡಿ ತೊಂದರೆ," ಎಂದರು ಭಾವ. ದನಿಯಲ್ಲಿ ಸಂತೋಷವಿರಲಿಲ್ಲ, ಅನುಕಂಪವಿತ್ತು, ಅದು ಇನ್ನೂ ಕಷ್ಟ. "ತುಂಡು ತುಂಡು ಮಾಡಿದ್ರೆ ಬಣ್ಣ ಕೂರಲ್ಲ. ನಮ್ಮಲ್ಲಾದ್ರೆ ಪೂರ್ತಿ ಒಂದೇ ಸಲ ಬರತ್ತೆ. ಈಗಲೂ ಕಾಲ ಮಿಂಚಿಲ್ಲ ಡಾಕ್ಟ್ರೇ, ಬೆಳಗಾಗೋದ್ರೊಳಗೆ ಬೇರೆ ಹಾಕಿಸಿಕೊಡ್ತೀನಿ."

"ನಿಮ್ಮಲ್ಲಿ ಒಂದು ಹಲ್ಲು ಹಳದಿ ಬಂದ್ರೆ ಏನ್ ಮಾಡ್ತೀರ ಭಾವ?" ಎಂದೆ.

"ಇನ್ನೊಂದು ಬ್ಯಾನರು ಹೊಡೀತೀವಿ."

"ಇಡೀ ಮುಖಾನಾ?"

ನಾನು ಅಂಗಡಿಗೆ ಹೋಗಿ, ಬಣ್ಣ ತಿದ್ದಿ, ಆ ಒಂದು ಚೌಕ ಮತ್ತೆ ಮುದ್ರಿಸಿ ತಂದೆ. ಭಾವ ಅಷ್ಟು ಹೊತ್ತೂ ಕಾರಿಗೆ ಒರಗಿ ನಿಂತೇ ಇದ್ದರು. ಅಟ್ಟಣಿಗೆ ಹತ್ತಿ, ಅಂಚಿಗೆ ಉಗುರು ಕೊಟ್ಟು, ಹಳದಿ ಕೋರೆಹಲ್ಲನ್ನು ಗೋಡೆಯಿಂದ ಕಿತ್ತು, ಬಿಳಿಯದನ್ನು ಕೂರಿಸಿದೆ. ಕೆಳಗೆ ಡಾಕ್ಟರು ನಗುತ್ತಿದ್ದರು.

"ಒಂದು ಹಲ್ಲು ಕೀಳೋಕೆ ಇಡೀ ತಲೆ ಬದಲಾಯಿಸೋ ಡಾಕ್ಟರ ಹತ್ರ ಯಾರು ಹೋಗ್ತಾರೆ," ಎಂದರು. "ಇದೇ ಇರ್ಲಿ."

ಭಾವ ರಸ್ತೆ ದಾಟಿ ಗೋಡೆಯ ಬುಡಕ್ಕೆ ಬಂದರು. ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆರಳಿಟ್ಟು ಸವರಿದರು. "ಗೆರೆ ಕಾಣತ್ತೆ," ಎಂದರು.

"ಮೂಗು ತಾಗಿಸಿ ನೋಡೋರಿಗೆ ನಾವು ಬೋರ್ಡು ಮಾಡಲ್ಲ ಅಳಿಯಂದ್ರೇ," ಎಂದ ಅಪ್ಪ.

ಭಾವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಸರಿ, ಇದೊಂದು ಆಯ್ತು. ಹಳೇ ಡಬ್ಬಿ ಎಷ್ಟು ದಿನ ಬರತ್ತೆ? ಹೊಸದು ಬೇಡ್ವಾ?"

"ತಗೋತೀನಿ. ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದಾರಲ್ಲ, ಆ ಬೆಲೇದು. ನಕ್ಷತ್ರ ಅವರೇ ಇಟ್ಕೊಳ್ಳಲಿ."

"ಮೆಮೊರಿ ಸಾಲಲ್ಲಮ್ಮ."

"ನನ್ನ ಕೆಲಸ ಎಷ್ಟರಲ್ಲಿ ಆಗತ್ತೆ ಅಂತ ಹೇಳೋಳು ನಾನು ಭಾವ. ಅವರೂ ಅಲ್ಲ, ನೀವೂ ಅಲ್ಲ." ದನಿ ಏರಿತ್ತು. ಏರಲಿ ಎಂದು ಬಿಟ್ಟೆ. "ಅಂಗಡಿ ಬಾಡಿಗೆಗಿಲ್ಲ. ಅಪ್ಪನ ಸ್ಟೂಲೂ ಅಲ್ಲೇ ಇರತ್ತೆ."

ಅಷ್ಟರಲ್ಲಿ ಅಪ್ಪ ಸ್ಟೂಲನ್ನು ಎಳೆದುಕೊಂಡು ಬಲ ಮೂಲೆಗೆ ಹೋಗಿದ್ದ. ಚೀಲದಿಂದ ಕಪ್ಪು ಬಣ್ಣದ ಡಬ್ಬಿ ತೆಗೆದ, ಆಮೇಲೆ ಬಟ್ಟೆ ಸುತ್ತಿದ ಒಂದು ಬ್ರಷ್ಷು. ಅದನ್ನು ಅವನು ಇಷ್ಟು ವರ್ಷ ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದ ಎಂದು ನನಗೆ ಗೊತ್ತಿರಲಿಲ್ಲ. ಖಾಲಿ ಬಿಟ್ಟ ಚೌಕದ ಮುಂದೆ ಕೂತು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬರೆಯಲು ಶುರು ಮಾಡಿದ. ಬೋರ್ಡಪ್ಪ ಎಂದು ಬರೆಯುತ್ತಾನೆ ಎಂದುಕೊಂಡು ನೋಡುತ್ತಿದ್ದೆ. ಮೊದಲ ಅಕ್ಷರವೇ ಬೇರೆ ಬಂತು.

ಅದು ನನ್ನ ಹೆಸರು. ಬೋರ್ಡಪ್ಪನ ಮಗಳು ಎಂದಲ್ಲ, ಮನೆಯಲ್ಲಿ ಕೂಗುವ ಹೆಸರೂ ಅಲ್ಲ, ಶಾಲೆಗೆ ಸೇರಿಸುವಾಗ ಅವನೇ ಹೇಳಿ ಬರೆಸಿದ ಪೂರ್ತಿ ಹೆಸರು. ಗೆರೆಗಳು ಅಲ್ಲಲ್ಲಿ ಅಲುಗಿದ್ದವು, ಒಂದು ಒತ್ತಕ್ಷರ ಜಾರಿ ಕೆಳಗಿಳಿದಿತ್ತು. ಕೊನೆಯ ಅಕ್ಷರದ ಬಾಲವನ್ನು ಮಾತ್ರ ಅವನು ಎಂದಿನಂತೆ ಬಾಗಿಸಿದ.

"ವಕ್ರ ಆಯ್ತು," ಎಂದ ಅಪ್ಪ, ಬ್ರಷ್ಷು ಒರೆಸುತ್ತ. "ಬೇಕಾದ್ರೆ ಈ ಒಂದು ಚೌಕ ಕಿತ್ತು ಕಂಪ್ಯೂಟರಲ್ಲಿ ಮಾಡಿ ಅಂಟಿಸು."

"ಇದನ್ನ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ," ಎಂದೆ.